ಅಮೀರಬಾಯಿ ಕರ್ನಾಟಕಿ: ಒಂದೇ ಚಿತ್ರದ ಸಂಗೀತ ನಿರ್ದೇಶಕಿ

ಹಾಡು ಹಾಡಿದವರದೋ, ಕಟ್ಟಿದವರದೋ ಎಂಬ ಪ್ರಶ್ನೆ ಎದ್ದಾಗ ಲೋಕವು ಸಾಮಾನ್ಯವಾಗಿ ಹಾಡಿದವರ ಪಕ್ಷವನ್ನೇ ವಹಿಸುತ್ತದೆ. ಕೊರಳು ನೇರವಾಗಿ ಕಿವಿಗೆ ಬಂದು ಮುಟ್ಟುತ್ತದೆ. ಅದರ ಹಿಂದೆ ಕುಳಿತು ಸ್ವರಕ್ಕೆ ಸ್ವರವನ್ನು ಹೆಣೆದ ಬುದ್ಧಿಯು ಮರೆಯಲ್ಲಿಯೇ ಉಳಿಯುತ್ತದೆ. ಆದರೆ ಬೋಲಪಟಗಳ ವ್ಯವಹಾರದಲ್ಲಿ ಅಧಿಕಾರವು ಯಾರ ಕೈಯಲ್ಲಿದೆ ಎಂದು ವಿಚಾರಿಸಿದರೆ ಉತ್ತರವು ಬೇರೆಯಾಗುತ್ತದೆ. ಯಾವ ಪ್ರಸಂಗಕ್ಕೆ ಯಾವ ಧಾಟಿ, ಯಾವ ಪದ್ಯಕ್ಕೆ ಯಾರ ಕೊರಳು, ಯಾವ ಕೊರಳಿಗೆ ಯಾವ ವಾದ್ಯ ಎಂಬದನ್ನೆಲ್ಲ ಗೊತ್ತುಪಡಿಸುವವನು ಸಂಗೀತ ನಿರ್ದೇಶಕ. ಗಾಯಕರು ಅವನು ಕರೆದಾಗ ಬರತಕ್ಕವರು, ಕರೆಯದಿದ್ದರೆ ಮನೆಯಲ್ಲಿರತಕ್ಕವರು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಸೀಮೆಯು ಹಿಂದೀ ಬೋಲಪಟಗಳಿಗೆ ಕೊಟ್ಟ ಹಿರಿಯ ಗಾಯಕಿಯೊಬ್ಬರ ಜೀವನವನ್ನು ನೋಡಿದರೆ, ಅಭಿಮಾನದ ಜತೆಗೆ ಒಂದು ಪಾಠವೂ ಕಾಣಬರುತ್ತದೆ. ಆ ಗಾಯಕಿಯೇ ಅಮೀರಬಾಯಿ ಕರ್ನಾಟಕಿ.

ಅಮೀರಬಾಯಿಯವರು ಕಳೆದ ಶತಮಾನದ ಆದಿಯಲ್ಲಿ ಬೀಳಗಿಯಲ್ಲಿ ಜನಿಸಿದರು. ಬೀಳಗಿಯು ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆಯಾದರೂ ೧೯೯೭ರವರೆಗೆ ವಿಜಾಪುರ ಜಿಲ್ಲೆಯದೇ ಆಗಿತ್ತು. ೨೦೧೪ರಲ್ಲಿ ವಿಜಯಪುರವೆಂದು ಹೆಸರು ಪಡೆದ ನಗರವೇ ಅದಕ್ಕೆ ಜಿಲ್ಲಾಸ್ಥಾನವಾಗಿತ್ತು. ಅವರದು ಕಲಾವಿದರ ಮನೆತನ. ಆ ಕಾಲದಲ್ಲಿ ಇಂಥ ಮನೆತನದ ಹೆಣ್ಣುಮಕ್ಕಳಿಗೆ ಸಂಗೀತವು ಹುಟ್ಟಿನಿಂದಲೇ ದೊರೆಯುತ್ತಿತ್ತು. ದೊರೆಯದೆ ಇದ್ದದ್ದು ಸಮಾಜದ ಮನ್ನಣೆ. ಮನೆಯ ಹೆಂಗಸರು ಹಾಡುವದು ಕುಲೀನರಿಗೆ ತಕ್ಕುದಲ್ಲವೆಂದು ಭಾವಿಸಿದ್ದ ಊರುಗಳೇ, ಕಂಪನಿ ನಾಟಕ ಬಂದಾಗ ಅಂಥವರ ಹಾಡಿಗೆ ಬೆಳಗಿನ ಜಾವದವರೆಗೆ ಕುಳಿತು ತಲೆದೂಗುತ್ತಿದ್ದವು. ಈ ವಿರೋಧಾಭಾಸದ ನಡುವೆಯೇ ಬೀಳಗಿಯ ಮನೆಯ ಇಬ್ಬರು ಸೋದರಿಯರು ಹೆಸರಾದರು. ಒಬ್ಬರು ಅಮೀರಬಾಯಿ, ಇನ್ನೊಬ್ಬರು ಗೋಹರಬಾಯಿ ಕರ್ನಾಟಕಿ, ಮರಾಠೀ ರಂಗಭೂಮಿಯಲ್ಲಿ ಬಾಲಗಂಧರ್ವರ ಸಹನಟಿಯಾಗಿ, ಮುಂದೆ ಅವರ ಪತ್ನಿಯಾಗಿ ಪ್ರಸಿದ್ಧರಾದವರು.

ಬೀಳಗಿಯ ಹುಡುಗಿ ಬೆಂಗಳೂರಿಗೆ ಹೋಗದೆ ಮುಂಬಯಿಗೆ ಏಕೆ ಹೋದಳೆಂದು ಇಂದಿನ ವಾಚಕರು ಕೇಳಬಹುದು. ವಿಜಾಪುರ ಜಿಲ್ಲೆಯು ಆಗ ಮುಂಬಯಿ ಪ್ರಾಂತದೊಳಗಿತ್ತು. ಕಚೇರಿಯ ಕಾಗದ ಹೋಗುವದು ಮುಂಬಯಿಗೆ, ವ್ಯಾಪಾರದ ದಾರಿ ಮುಂಬಯಿಗೆ, ಕಲೆಯ ದಾರಿಯೂ ಮುಂಬಯಿಗೇ. ಕನ್ನಡದ ಮೊದಲನೆಯ ಬೋಲಪಟ ‘ಸತಿ ಸುಲೋಚನಾ’ ೧೯೩೪ರಲ್ಲಿ ತೆರೆಗೆ ಬಂದಿತಾದರೂ ಅದರ ಚಿತ್ರೀಕರಣ ನಡೆದದ್ದು ಕೊಲ್ಲಾಪುರದಲ್ಲಿ. ಅನಂತರದ ಹತ್ತು ವರ್ಷಗಳಲ್ಲಿ ಬಂದ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು. ಹೊಟ್ಟೆಗೂ ಹೆಸರಿಗೂ ಮುಂಬಯಿಯೇ ಗತಿಯಾಗಿತ್ತು. ಅದೇ ೧೯೩೪ರಲ್ಲಿ ‘ವಿಷ್ಣುಭಕ್ತಿ’ ಎಂಬ ಹಿಂದೀ ಚಿತ್ರದಿಂದ ಅಮೀರಬಾಯಿಯವರ ಬೋಲಪಟ ಜೀವನ ಆರಂಭವಾಯಿತು. ಹಿನ್ನೆಲೆ ಗಾಯನವು ಇನ್ನೂ ರೂಢಿಗೆ ಬಂದಿರದ ಕಾಲವದು. ನಟಿಸುವವರೇ ಹಾಡಬೇಕು, ಹಾಡಬಲ್ಲವರೇ ನಟಿಸಬೇಕು. ಕೊರಳಿದ್ದವರಿಗೆ ಬಾಗಿಲು ತೆರೆದಿತ್ತು.

ಇಲ್ಲಿ ಅವರ ಹೆಸರಿನ ವಿಷಯವಾಗಿ ಒಂದು ಮಾತನ್ನು ಹೇಳಲೇಬೇಕು. ಮುಂಬಯಿಯಲ್ಲಿ ಅವರು ಕರೆಯಿಸಿಕೊಂಡದ್ದು ‘ಕರ್ನಾಟಕಿ’ ಎಂದು. ಆಗ ಕರ್ನಾಟಕವೆಂಬ ರಾಜ್ಯವು ಯಾವ ಭೂಪಟದಲ್ಲಿಯೂ ಇರಲಿಲ್ಲ. ಕನ್ನಡಿಗರು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗುಗಳಲ್ಲಿಯೂ ಹತ್ತಾರು ಸಂಸ್ಥಾನಗಳಲ್ಲಿಯೂ ಹರಿದು ಹಂಚಿಹೋಗಿದ್ದರು. ಏಕೀಕರಣದ ಸಭೆಗಳಲ್ಲಿ ಹಿರಿಯರು ಠರಾವುಗಳನ್ನು ಮಂಡಿಸುತ್ತಿದ್ದ ಆ ವರ್ಷಗಳಲ್ಲಿ, ಬೀಳಗಿಯ ಮುಸಲ್ಮಾನ ಮನೆತನದ ಹೆಣ್ಣುಮಗಳೊಬ್ಬಳು ಗ್ರಾಮಾಫೋನ್ ತಟ್ಟೆಯ ಮೇಲೆ ಆ ಹೆಸರನ್ನು ಅಚ್ಚು ಹಾಕಿಸಿ ಲಾಹೋರದಿಂದ ಕಲಕತ್ತೆಯವರೆಗೆ ಮುಟ್ಟಿಸಿದಳು. ಒಂದುಗೂಡಿದ ನಾಡು ಆದದ್ದು ೧೯೫೬ರಲ್ಲಿ; ಆ ನಾಡಿಗೆ ಕರ್ನಾಟಕವೆಂಬ ಹೆಸರಾದದ್ದು ೧೯೭೩ರಲ್ಲಿ. ಅಷ್ಟರಲ್ಲಿ ಅಮೀರಬಾಯಿಯವರು ತೀರಿಕೊಂಡು ಎಂಟು ವರ್ಷಗಳಾಗಿದ್ದವು. ಸರಕಾರವು ಇಟ್ಟುಕೊಳ್ಳುವ ಮೊದಲೇ ಈ ಹೆಸರನ್ನು ಹೊತ್ತು ಮೆರೆಸಿದವರ ಪಟ್ಟಿಯಲ್ಲಿ ಅವರಿಗೊಂದು ಸ್ಥಾನವಿರುವದು ನ್ಯಾಯವಾಗಿದೆ.

ಅವರ ಕೊರಳು ದೇಶಕ್ಕೆ ಪರಿಚಯವಾದ ಬಗೆಯೂ ಗಮನಿಸತಕ್ಕದ್ದು. ವಿಜಯ ಭಟ್ಟರು ನಿರ್ದೇಶಿಸಿದ ೧೯೪೦ರ ‘ನರಸೀ ಭಗತ್’ ಚಿತ್ರದಲ್ಲಿ ವಿಷ್ಣುಪಂತ ಪಾಗನೀಸರು ನಾಯಕರಾಗಿದ್ದರು. ಸಂಗೀತವು ಶಂಕರರಾವ ವ್ಯಾಸರದು. ಗಾಂಧೀಜಿಯವರ ಪ್ರಾರ್ಥನೆಯಲ್ಲಿ ಸ್ಥಾನ ಪಡೆದಿದ್ದ ‘ವೈಷ್ಣವ ಜನತೋ’ ಭಜನೆಯು ಈ ಚಿತ್ರದ ಮೂಲಕ ಅಮೀರಬಾಯಿಯವರ ಧ್ವನಿಯಲ್ಲಿಯೂ ಮನೆಮನೆಗೆ ತಲುಪಿತು. ಮೂರು ವರ್ಷಗಳ ಮೇಲೆ, ೧೯೪೩ರಲ್ಲಿ, ಬಾಂಬೆ ಟಾಕೀಸಿನ ‘ಕಿಸ್ಮತ್’ ಬಂದಿತು. ಚಲೇಜಾವ್ ಚಳವಳಿಯ ಮರು ವರ್ಷವದು, ನಾಯಕರು ಸೆರೆಮನೆಯಲ್ಲಿದ್ದರು. ಕವಿ ಪ್ರದೀಪರು ಬರೆದು ಅನಿಲ ಬಿಸ್ವಾಸರು ಧಾಟಿ ಕೂಡಿಸಿದ ‘ದೂರ್ ಹಟೋ’ ಗೀತವನ್ನು ಅಮೀರಬಾಯಿ ಮತ್ತು ಖಾನ್ ಮಸ್ತಾನಾ ಮೇಳದೊಡನೆ ಹಾಡಿದರು. ಗೀತವು ಹೊರನೋಟಕ್ಕೆ ಜರ್ಮನರಿಗೂ ಜಪಾನಿಯರಿಗೂ ಹೇಳಿದ ಮಾತಾಗಿತ್ತು. ಯುದ್ಧಕಾಲದ ಸೆನ್ಸಾರು ಅದನ್ನು ದಾಟಗೊಟ್ಟಿತು. ಆದರೆ ದೂರ ಸರಿಯಬೇಕಾದವರು ಯಾರೆಂಬದು ಚಿತ್ರಮಂದಿರದಲ್ಲಿ ಕುಳಿತ ಕೂಸಿಗೂ ತಿಳಿದಿತ್ತು. ಸರಕಾರಕ್ಕೆ ಅರ್ಥವಾದ ಮೇಲೆ ಪ್ರದೀಪರು ಕೆಲಕಾಲ ತಲೆಮರೆಸಿಕೊಂಡಿರಬೇಕಾಯಿತು. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಆ ಚಿತ್ರವು ಮೂರು ವರ್ಷಗಳಿಗೂ ಮಿಕ್ಕಿ ನಡೆಯಿತು. ‘ಕಿಸ್ಮತ್’ ಚಿತ್ರದ ಇತರ ಹಲವು ಹಾಡುಗಳೂ ಅಮೀರಬಾಯಿಯವರವೇ. ಸಭೆ ಸೇರಿಸುವಂತಿಲ್ಲದ ಕಾಲದಲ್ಲಿ ಟಿಕೀಟು ಕೊಂಡು ಬಂದ ಜನರೇ ಸಭೆಯಾದರು. ಆ ಸಭೆಗೆ ಹಾಡಿದ ದನಿಗಳಲ್ಲಿ ಒಂದು ನಮ್ಮ ಬೀಳಗಿಯದು.

ಅನಂತರದ ನಾಲ್ಕೈದು ವರ್ಷಗಳು ಅವರ ಉಚ್ಛ್ರಾಯದವು. ೧೯೪೪ರ ‘ಭರ್ತೃಹರಿ’ಯಲ್ಲಿ ಖೇಮಚಂದ ಪ್ರಕಾಶರು, ಅದೇ ವರ್ಷದ ‘ರತನ್’ ಚಿತ್ರದಲ್ಲಿ ನೌಶಾದರು, ೧೯೪೭ರ ‘ಶಹನಾಯಿ’ಯಲ್ಲಿ ಸಿ. ರಾಮಚಂದ್ರರು ಅವರಿಂದ ಹಾಡಿಸಿದರು. ಈ ಹೆಸರುಗಳನ್ನು ಇಲ್ಲಿ ಎಣಿಸುವದಕ್ಕೆ ಕಾರಣವುಂಟು. ಅನಿಲ ಬಿಸ್ವಾಸರು ಬಂಗಾಲದ ಜಾನಪದವನ್ನೂ ಮೇಳಗಾನವನ್ನೂ ತಂದವರು, ಖೇಮಚಂದ ಪ್ರಕಾಶರು ರಾಜಸ್ಥಾನದ ಮಟ್ಟುಗಳನ್ನೂ ಶಾಸ್ತ್ರೀಯ ರಾಗಗಳನ್ನೂ ಬಲ್ಲವರು, ನೌಶಾದರು ಉತ್ತರ ಪ್ರದೇಶದ ಹಳ್ಳಿಯ ಹಾಡುಗಳಿಗೆ ವಾದ್ಯವೃಂದದ ಬೆಡಗನ್ನು ತೊಡಿಸಿದವರು, ಸಿ. ರಾಮಚಂದ್ರರು ಪಾಶ್ಚಾತ್ಯ ಲಯವನ್ನು ಹಿಂದೀ ಹಾಡಿನೊಳಗೆ ಕುಣಿಸಿದವರು. ಈ ನಾಲ್ವರ ಕೈಕೆಳಗೆ ಹಾಡಿದ್ದೆಂದರೆ ಆ ಕಾಲದ ಬೋಲಪಟ ಸಂಗೀತದ ಮಹಾವಿದ್ಯಾಲಯದಲ್ಲಿ ಓದಿದ ಹಾಗೆಯೇ. ಧ್ವನಿಮುದ್ರಣವು ಆಗ ಇಂದಿನಂತೆ ತುಂಡುತುಂಡಾಗಿ ನಡೆಯುತ್ತಿರಲಿಲ್ಲ. ಗಾಯಕರೂ ವಾದಕರೂ ಒಂದೇ ಕೋಣೆಯಲ್ಲಿ ನಿಂತು, ಮೊದಲಿನಿಂದ ಕಡೆಯವರೆಗೆ ಒಂದೇ ಉಸಿರಿನಲ್ಲಿ ಹಾಡನ್ನು ಮುಗಿಸಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿಂದ. ಆದಕಾರಣ ಗಾಯಕರು ತಮ್ಮ ಪಾಲನ್ನು ಮಾತ್ರ ಕಲಿತರೆ ಸಾಲದು. ಪಿಟೀಲು ಎಲ್ಲಿ ಏಳುತ್ತದೆ, ತಬಲಾ ಎಲ್ಲಿ ನಿಲ್ಲುತ್ತದೆ, ಮೂರು ನಿಮಿಷದ ತಟ್ಟೆಯಲ್ಲಿ ಪಲ್ಲವಿಗೆಷ್ಟು, ಚರಣಕ್ಕೆಷ್ಟು ಎಂಬದೆಲ್ಲ ಅವರಿಗೆ ಗೊತ್ತಿರಬೇಕು. ಹೀಗೆ ವರ್ಷಗಟ್ಟಲೆ ನೋಡಿದವರಿಗೆ ಹಾಡು ಕಟ್ಟುವ ಕಸಬು ತಿಳಿಯದೆ ಇರುವದು ಹೇಗೆ?

ತಿಳಿದಿತ್ತು. ೧೯೪೮ರಲ್ಲಿ ತೆರೆಗೆ ಬಂದ ‘ಶಹನಾಜ್’ ಚಿತ್ರಕ್ಕೆ ಸಂಗೀತ ನಿರ್ದೇಶನ ಮಾಡಿದವರು ಅಮೀರಬಾಯಿ ಕರ್ನಾಟಕಿಯವರೇ. ಇತರರ ಧಾಟಿಯನ್ನು ಹಾಡುತ್ತ ಬಂದ ಕೊರಳು ತನ್ನ ಧಾಟಿಯನ್ನು ತಾನೇ ಕಟ್ಟಿತು. ಸಂಗೀತ ನಿರ್ದೇಶಕಿಯಾಗಿ ಅವರ ಹೆಸರು ನಿಂತದ್ದು ಈ ಒಂದು ಚಿತ್ರದ ಮೇಲೆ. ಎರಡನೆಯದು ಬರಲಿಲ್ಲ. ನಾವು ಯೋಚಿಸತಕ್ಕ ಸ್ಥಳವಿದು.

ಯೋಗ್ಯತೆಯಿದ್ದರೆ ಎರಡನೆಯ ಅವಕಾಶ ಬರುತ್ತಿರಲಿಲ್ಲವೇ ಎಂದು ಕೆಲವರು ಕೇಳಬಹುದು. ಈ ಆಕ್ಷೇಪಣೆಗೆ ಆ ಕಾಲದ ಇತಿಹಾಸವೇ ಉತ್ತರ ಹೇಳುತ್ತದೆ. ನೌಶಾದರ ಮೊದಲನೆಯ ಸ್ವತಂತ್ರ ಚಿತ್ರ ‘ಪ್ರೇಮನಗರ’ ೧೯೪೦ರದು. ಇಡೀ ದೇಶವು ಅವರ ಹೆಸರನ್ನು ಬಾಯಿಪಾಠ ಮಾಡಿದ್ದು ೧೯೪೪ರ ‘ರತನ್’ ಬಂದ ಮೇಲೆ. ನಡುವಿನ ನಾಲ್ಕು ವರ್ಷ ಅವರಿಗೆ ಚಿತ್ರದ ಮೇಲೆ ಚಿತ್ರ ದೊರೆಯುತ್ತ ಹೋಯಿತು. ಒಂದರಲ್ಲಿ ಕಲಿತದ್ದನ್ನು ಮತ್ತೊಂದರಲ್ಲಿ ತಿದ್ದಿಕೊಂಡರು. ಗಂಡಸಾದವನಿಗೆ ಮೊದಲನೆಯ ಚಿತ್ರವು ಅಭ್ಯಾಸ. ಹೆಂಗಸಿಗೆ ಮೊದಲನೆಯದೇ ಪರೀಕ್ಷೆ, ಕಡೆಯದೂ ಅದೇ. ಹಾಗೆಂದು ನೌಶಾದರ ಹಿರಿಮೆಯನ್ನು ನಾವು ಕಡಿಮೆ ಮಾಡುತ್ತಿಲ್ಲ. ಹಿರಿಮೆಯು ಬೆಳೆಯುವದಕ್ಕೆ ಕಾಲಾವಕಾಶವು ಬೇಕಾಗುತ್ತದೆ, ಆ ಕಾಲಾವಕಾಶವನ್ನು ಯಾರಿಗೆ ಕೊಡಬೇಕೆಂಬದನ್ನು ಚಿತ್ರೋದ್ಯಮವು ಮೊದಲೇ ಗೊತ್ತುಮಾಡಿಟ್ಟಿತ್ತು ಎಂಬುದಷ್ಟೇ ನಮ್ಮ ಮಾತು.

ಅಮೀರಬಾಯಿಯವರು ಈ ಹಾದಿಯಲ್ಲಿ ಮೊದಲಿಗರೂ ಅಲ್ಲ, ಒಂಟಿಯೂ ಅಲ್ಲ. ಗಾಯಕಿ ಜದ್ದನಬಾಯಿಯವರು ೧೯೩೫ರ ‘ತಲಾಶೇ ಹಕ್’ ಚಿತ್ರಕ್ಕೆ ಸಂಗೀತ ಕೊಟ್ಟಿದ್ದರು. ಬಾಂಬೆ ಟಾಕೀಸಿನ ೧೯೩೬ರ ‘ಅಛೂತ ಕನ್ಯಾ’ಕ್ಕೆ ಸಂಗೀತ ಕೊಟ್ಟವರು ಸರಸ್ವತೀ ದೇವಿ. ಅವರು ಹುಟ್ಟಿನಿಂದ ಪಾರಸೀ ಹೆಣ್ಣುಮಗಳು, ಖುರ್ಷೀದ ಮಿನೋಚೆರ ಹೋಮಜಿ; ಭಾತಖಂಡೆಯವರ ಬಳಿ ಸಂಗೀತಾಭ್ಯಾಸ ಮಾಡಿದವರು. ಹೆಣ್ಣುಮಕ್ಕಳು ಬೋಲಪಟದ ಕೆಲಸಕ್ಕೆ ಹೋಗಕೂಡದೆಂದು ಸಮಾಜದವರು ಗದ್ದಲವೆಬ್ಬಿಸಿದ್ದರಿಂದ ಸ್ವಂತ ಹೆಸರನ್ನು ಬಿಟ್ಟು ಬೇರೆ ಹೆಸರಿನಿಂದ ದುಡಿಯಬೇಕಾಯಿತು. ಆದರೂ ಅವರು ಹಲವು ಚಿತ್ರಗಳಿಗೆ ಸಂಗೀತ ಕೊಟ್ಟರು. ಅದು ಹೇಗೆ ಸಾಧ್ಯವಾಯಿತು? ಬಾಂಬೆ ಟಾಕೀಸು ಒಂದು ಸಂಸ್ಥೆಯಾಗಿತ್ತು. ಸಂಗೀತದ ಇಲಾಖೆಯಿತ್ತು, ತಿಂಗಳ ಸಂಬಳವಿತ್ತು, ಒಂದು ಚಿತ್ರ ಮುಗಿದರೆ ಮತ್ತೊಂದು ತಾನಾಗಿಯೇ ಕೈಗೆ ಬರುತ್ತಿತ್ತು. ಯುದ್ಧದ ಕಾಲದಲ್ಲಿ ಹೊಸ ಹಣವು ಹರಿದುಬಂದು ಸ್ಟುಡಿಯೋ ಪದ್ಧತಿಯು ಸಡಿಲವಾಯಿತು. ಚಿತ್ರಕ್ಕೊಬ್ಬ ನಿರ್ಮಾಪಕ, ಚಿತ್ರಕ್ಕೊಂದು ಒಪ್ಪಂದ. ಗಂಡಸರ ಬೈಠಕ್ಕುಗಳಲ್ಲಿ ಗೊತ್ತಾಗುವ ಈ ಒಪ್ಪಂದಗಳೊಳಗೆ ಹೆಂಗಸರ ಹೆಸರು ಹೇಳುವವರು ವಿರಳವಾದರು. ಅಮೀರಬಾಯಿಯವರು ಸಂಗೀತ ನಿರ್ದೇಶನಕ್ಕೆ ಕೈ ಹಾಕಿದ್ದು ಈ ಬದಲಾವಣೆಯ ಮಧ್ಯದಲ್ಲಿ. ಅವರ ಅನಂತರ ಈ ಕ್ಷೇತ್ರದಲ್ಲಿ ಬಹುಕಾಲ ನಿಂತ ಮಹಿಳೆ ಉಷಾ ಖನ್ನಾ. ಅವರ ಮೊದಲನೆಯ ಚಿತ್ರ ‘ದಿಲ್ ದೇಕೆ ದೇಖೋ’ ಬಂದದ್ದು ೧೯೫೯ರಲ್ಲಿ. ‘ಶಹನಾಜ್’ ಬಂದು ಆಗ ಹನ್ನೊಂದು ವರ್ಷಗಳಾಗಿದ್ದವು.

ಇನ್ನೊಂದು ಪೆಟ್ಟೂ ಅದೇ ಸಮಯದಲ್ಲಿ ಬಿದ್ದಿತು. ದೇಶವು ಇಬ್ಭಾಗವಾದಾಗ ನೂರಜಹಾನ ಮೊದಲಾದವರು ಪಾಕಿಸ್ತಾನಕ್ಕೆ ಹೋದರು. ಅಮೀರಬಾಯಿಯವರನ್ನು ಮೊದಲು ಮದುವೆಯಾಗಿದ್ದ ನಟ ಹಿಮಾಲಯವಾಲಾ ಕೂಡ ಆ ಕಡೆಗೆ ಹೋದವರೇ. ಆ ದಾಂಪತ್ಯವು ಸುಖದ್ದಾಗಿರಲಿಲ್ಲ. ಅಮೀರಬಾಯಿಯವರು ಭಾರತದಲ್ಲಿಯೇ ಉಳಿದರು. ಮುಂದೆ ಪತ್ರಕರ್ತ ಬದರೀ ಕಾಂಚವಾಲಾ ಅವರನ್ನು ವರಿಸಿದರು. ಆದರೆ ಹಾಡಿನ ರುಚಿಯು ಬದಲಾಗಿತ್ತು. ‘ಭರ್ತೃಹರಿ’ಯಲ್ಲಿ ಅಮೀರಬಾಯಿಯವರಿಂದ ಹಾಡಿಸಿದ ಖೇಮಚಂದ ಪ್ರಕಾಶರೇ ೧೯೪೯ರ ‘ಮಹಲ್’ ಚಿತ್ರದಲ್ಲಿ ಲತಾ ಮಂಗೇಶಕರರ ಎಳೆಯ ದನಿಯನ್ನು ದೇಶಕ್ಕೆಲ್ಲ ಕೇಳಿಸಿದರು. ಮೆಹಫಿಲಿನ ತುಂಬುಗೊರಳಿನ ಕಾಲ ಮುಗಿದು, ಮೈಕಿಗೆ ಹೊಂದುವ ತೆಳುಗೊರಳಿನ ಕಾಲ ಆರಂಭವಾಯಿತು. ಲತಾ ಅವರ ಪ್ರತಿಭೆಯ ಬಗ್ಗೆ ಯಾರ ತಕರಾರೂ ಇಲ್ಲ. ಆದರೆ ಗಾಯಕಿಯು ಪರರ ಕರೆಯನ್ನು ಕಾಯಬೇಕಾದವಳು ಎಂದು ಆರಂಭದಲ್ಲಿ ಹೇಳಿದ ಮಾತಿನ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ಕರೆ ನಿಂತಿತು, ಹಾಡೂ ನಿಂತಿತು. ಅಮೀರಬಾಯಿಯವರು ಮುಂದಿನ ವರ್ಷಗಳಲ್ಲಿ ಪೋಷಕ ಪಾತ್ರಗಳನ್ನು ವಹಿಸಿದರು. ಧಾಟಿ ಕಟ್ಟುವ ಅಧಿಕಾರವು ಅವರ ಕೈಯಲ್ಲಿ ನಿಂತಿದ್ದರೆ, ಕೊರಳಿನ ಋತು ಕಳೆದ ಮೇಲೆಯೂ ಅವರ ಸಂಗೀತದ ಋತು ಉಳಿಯುತ್ತಿತ್ತು. ಗಂಟಲು ದಣಿಯುತ್ತದೆ, ವಿದ್ಯೆ ದಣಿಯುವದಿಲ್ಲ.

ಮುಂಬಯಿಯಲ್ಲಿ ದುಡಿದರೂ ಅವರು ಈ ಸೀಮೆಯನ್ನು ಮರೆಯಲಿಲ್ಲ. ವಿಜಾಪುರದಲ್ಲಿ ಅವರ ಹೆಸರಿನ ಅಮೀರ ಟಾಕೀಸು ಎದ್ದು ನಿಂತಿತು. ಹಾಡಿ ಗಳಿಸಿದ ಹೆಣ್ಣುಮಗಳ ಹೆಸರು ಜಿಲ್ಲಾಸ್ಥಾನದ ಚಿತ್ರಮಂದಿರದ ಹಣೆಯ ಮೇಲೆ ಬರೆಯಲ್ಪಟ್ಟದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ೧೯೬೫ರ ಮಾರ್ಚ್ ೩ರಂದು ಅವರು ನಿಧನರಾದರು. ಬಹುಕಾಲದ ಮೇಲೆ ಕನ್ನಡ ವಿದ್ವಾಂಸರಾದ ರಹಮತ್ ತರೀಕೆರೆಯವರು ಊರೂರು ತಿರುಗಿ, ಅವರ ಜೀವನವನ್ನು ಕುರಿತು ಗ್ರಂಥವನ್ನು ಬರೆದು ಕನ್ನಡಿಗರ ಋಣವನ್ನು ಒಂದಿಷ್ಟು ತೀರಿಸಿದರು. ಉಳಿದ ಋಣವು ವಿಜಯಪುರದವರ ಪಾಲಿನದು.

ಆ ಋಣವನ್ನು ತೀರಿಸುವ ಬಗೆ ಯಾವದು? ಭಾವಚಿತ್ರಕ್ಕೆ ಮಾಲೆ ಹಾಕಿ, ಭಾಷಣ ಮಾಡಿ ಏಳುವದರಿಂದ ಆಗುವ ಕೆಲಸವಲ್ಲ. ನಗರದಿಂದ ತಿಕೋಟಾದ ಕಡೆಗೆ ಹೊರಟವರಿಗೆ ದಾರಿಯಲ್ಲಿ ತೊರವಿ ಸಿಗುತ್ತದೆ. ಎರಡನೆಯ ಇಬ್ರಾಹಿಂ ಆದಿಲಶಾಹನು ೧೫೯೯ರಲ್ಲಿ ನವರಸಪುರವನ್ನು ಕಟ್ಟಲಾರಂಭಿಸಿದ್ದು ಅಲ್ಲಿ. ಸಂಗೀತ ಮಹಲಿನ ಎತ್ತರದ ಕಮಾನುಗಳು ಇಂದಿಗೂ ನಿಂತಿವೆ. ಆ ಅರಸನು ಹಾಡುವವರನ್ನು ಸಾಕಿ ಅಷ್ಟಕ್ಕೇ ತೃಪ್ತನಾಗಲಿಲ್ಲ. ತಾನೇ ಗೀತಗಳನ್ನು ರಚಿಸಿ, ರಾಗವನ್ನು ನಿಯಮಿಸಿ, ‘ಕಿತಾಬ್-ಎ-ನವರಸ್’ ಗ್ರಂಥದಲ್ಲಿ ಸರಸ್ವತಿಗೂ ಗಣಪತಿಗೂ ನಮಿಸಿದನು. ಕಟ್ಟುವವನ ಸ್ಥಾನವು ಹಾಡುವವನ ಸ್ಥಾನಕ್ಕಿಂತ ಬೇರೆಯೆಂಬದು ಈ ನಗರಕ್ಕೆ ನಾನ್ನೂರು ವರ್ಷಗಳ ಹಿಂದೆಯೇ ತಿಳಿದಿತ್ತು. ಅದೇ ತೊರವಿಯಲ್ಲಿ ಇಂದು ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಹೆಣ್ಣುಮಕ್ಕಳ ವಿದ್ಯೆಯೂ ಸಂಗೀತದ ಸ್ಮರಣೆಯೂ ಒಂದೇ ನೆಲದ ಮೇಲೆ ನೆರೆಹೊರೆಯಾಗಿ ನಿಂತಿರುವದು ಯಾರೂ ಯೋಜಿಸಿ ತಂದದ್ದಲ್ಲ. ಆದರೆ ಅದರ ಪ್ರಯೋಜನ ಪಡೆಯುವದಕ್ಕೆ ಯೋಜನೆ ಬೇಕು. ಅಮೀರಬಾಯಿಯವರ ಧ್ವನಿಮುದ್ರಿಕೆಗಳೂ ‘ಶಹನಾಜ್’ ಚಿತ್ರದ ಹಾಡುಗಳೂ ಸಿಕ್ಕಷ್ಟನ್ನು ಕೂಡಿಸಿ, ಅಲ್ಲಿಯ ವಿದ್ಯಾರ್ಥಿನಿಯರು ಕೇಳಿ, ಸ್ವರಲಿಪಿಯಲ್ಲಿ ಬರೆದು, ಬಿಡಿಸಿ ನೋಡುವಂತಾದರೆ, ಒಂದು ಚಿತ್ರಕ್ಕೆ ನಿಂತುಹೋದ ಕೆಲಸವು ಮುಂದೆ ಸಾಗಿದಂತಾದೀತು.

ದಕ್ಷಿಣದ ದಾರಿಯನ್ನು ಹಿಡಿದವರು ಬಬಲೇಶ್ವರವನ್ನು ಹಾಯ್ದು, ಗಲಗಲಿಯಲ್ಲಿ ಕೃಷ್ಣೆಯನ್ನು ದಾಟಿ, ಅಮೀರಬಾಯಿಯವರ ಬೀಳಗಿಯ ಸೀಮೆಯನ್ನು ಸೇರುತ್ತಾರೆ. ಈ ಎರಡು ದಾರಿಗಳ ಊರುಗಳಲ್ಲಿ ಕೊರಳಿಗೆ ಎಂದೂ ಬರವಿಲ್ಲ. ಬೀಸುವ ಕಲ್ಲಿನ ಪದ, ಸೋಬಾನೆಯ ಪದ, ಗೀಗೀ ಪದ, ಮೊಹರಮ್ಮಿನ ರಿವಾಯತ ಪದ, ಭಜನೆ ಇವೆಲ್ಲ ಇಲ್ಲಿ ಹುಟ್ಟಿ ಬೆಳೆದವು. ಶಾಲೆಯ ಸ್ವಾತಂತ್ರ್ಯ ದಿನದ ಸಮಾರಂಭಕ್ಕೆ ಹೋದ ಅಧಿಕಾರಿಗಳು ಯಾವ ಹಳ್ಳಿಯಲ್ಲಾದರೂ ಒಂದು ಒಳ್ಳೆಯ ಕೊರಳನ್ನು ಕೇಳದೆ ಬರುವದಿಲ್ಲ. ಹುಡುಗಿಯು ಹಾಡುತ್ತಾಳೆ; ಗಣ್ಯರು ಚಪ್ಪಾಳೆ ತಟ್ಟುತ್ತಾರೆ; ಒಂದು ಪೆನ್ನು, ಒಂದು ಪ್ರಶಸ್ತಿಪತ್ರ ಕೈಗೆ ಬರುತ್ತದೆ. ಆ ಹುಡುಗಿಗೆ ಹಾರ್ಮೋನಿಯಮ್ಮಿನ ಮುಂದೆ ಕುಳಿತು ತಾನೇ ಒಂದು ಧಾಟಿಯನ್ನು ಕಟ್ಟು ಎಂದು ಹೇಳುವವರು ಎಷ್ಟು ಮಂದಿ? ಕೊರಳನ್ನು ಮೆಚ್ಚುವದು ಸುಲಭ. ಬುದ್ಧಿಯನ್ನು ನಂಬುವದು ಕಠಿಣ. ಮುಂಬಯಿಯ ನಿರ್ಮಾಪಕರು ೧೯೪೮ರಲ್ಲಿ ಮಾಡಿದ ತಪ್ಪನ್ನು ನಾವು ನಮ್ಮ ಶಾಲೆಯ ಅಂಗಳದಲ್ಲಿ ಪ್ರತಿವರ್ಷವೂ ಮಾಡುತ್ತಿದ್ದೇವೆಯೇ ಎಂದು ಕೇಳಿಕೊಳ್ಳುವದು ಒಳ್ಳೆಯದು.

ತಿಕೋಟಾ ಬಬಲೇಶ್ವರಗಳ ರೈತರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಎರೆಯ ಭೂಮಿಯು ತಲೆತಲಾಂತರದಿಂದ ಇದ್ದದ್ದೇ. ಕೃಷ್ಣೆಯು ಕೆಳಗೆ ಹರಿಯುತ್ತಿದ್ದದ್ದೂ ಇದ್ದದ್ದೇ. ಭೂಮಿ ಒಳ್ಳೆಯದೆಂದು ಹೊಗಳಿದವರಿಂದ ಬೆಳೆ ಬರಲಿಲ್ಲ. ತುಬಚಿ–ಬಬಲೇಶ್ವರದಂಥ ಏತ ನೀರಾವರಿಯ ಕೆಲಸಗಳು ನಡೆದು, ನದಿಯ ನೀರನ್ನು ಮೇಲೆತ್ತಿ, ಕಾಲುವೆಯಿಂದ ಹೊಲದ ಬದುವಿಗೆ ಮುಟ್ಟಿಸಿದ ಮೇಲೆಯೇ ಬರಗಾಲದ ಸೀಮೆಯಲ್ಲಿ ಹಸಿರು ಹಬ್ಬಿತು. ಕಲೆಗೂ ಇದೇ ನ್ಯಾಯ. ಈ ನೆಲದಲ್ಲಿ ಸತ್ವವಿದೆಯೆಂಬದನ್ನು ಅಮೀರಬಾಯಿಯವರು ಇಡೀ ಹಿಂದುಸ್ತಾನಕ್ಕೆ ತೋರಿಸಿಕೊಟ್ಟರು. ಕಾಲುವೆಯನ್ನು ತೋಡುವ ಕೆಲಸವನ್ನು ಮಾತ್ರ ಅವರ ಕಾಲದವರು ಮಾಡಲಿಲ್ಲ. ಅದನ್ನು ಮಾಡುವ ಅಧಿಕಾರವೂ ಸಾಧನವೂ ಈಗ ನಮ್ಮ ಕೈಯಲ್ಲಿವೆ. ಮುಂದಿನ ಅಮೀರಬಾಯಿಯು ತಿಕೋಟಾದಲ್ಲಿಯೋ ಬಬಲೇಶ್ವರದಲ್ಲಿಯೋ ಇಂದು ಯಾವದೋ ಶಾಲೆಯ ಬೆಂಚಿನ ಮೇಲೆ ಕುಳಿತಿರಬಹುದು. ಅವಳ ಹೆಸರು ಒಂದು ಚಿತ್ರಕ್ಕೆ ನಿಲ್ಲಬೇಕೋ, ನೂರಕ್ಕೆ ಬೆಳೆಯಬೇಕೋ ಎಂಬದು ಅವಳೊಬ್ಬಳ ಯೋಗ್ಯತೆಯಿಂದ ಗೊತ್ತಾಗತಕ್ಕದ್ದಲ್ಲ. ನಮ್ಮ ಯೋಗ್ಯತೆಯೂ ಅದರಲ್ಲಿ ಪರೀಕ್ಷೆಗೆ ನಿಂತಿದೆ.